ಸ್ಟೀವ್ ಬ್ಲೂಮರ್: 352 ಗೋಲು ಹೊಡೆದವನು 40ನೇ ವಯಸ್ಸಿನಲ್ಲಿ ಕೆಲಸಕ್ಕಾಗಿ ಬರ್ಲಿನ್‌ಗೆ ಯಾಕೆ ಹೋದ?

ಹಳೇ_ಲೆದರ್‌ಬಾಲ್:

ಸಾರ್ವಕಾಲಿಕ ಶ್ರೇಷ್ಠ ಯಾರು ಅನ್ನುವ ಜಗಳ ಇಲ್ಲಿ ಆಗಾಗ ಏಳುತ್ತಲೇ ಇರುತ್ತದೆ. ಮೆಸ್ಸಿ, ರೊನಾಲ್ಡೊ, ಜಾಸ್ತಿ ಅಂದ್ರೆ ಪೆಲೆ, ಮರಡೋನಾ. ಅದಕ್ಕಿಂತ ಹಿಂದೆ ಯಾರೂ ಹೋಗುವುದಿಲ್ಲ. ನಾನು ಈ ಸಲ ನೂರು ವರ್ಷಕ್ಕಿಂತ ಹಿಂದಕ್ಕೆ ಎಳೆದುಕೊಂಡು ಹೋಗುತ್ತೇನೆ. ಉದ್ದ ಇದೆ, ಬೇಜಾರಾದವರು ಈಗಲೇ ಎದ್ದು ಹೋಗಬಹುದು.

ಸ್ಟೀವ್ ಬ್ಲೂಮರ್. ಇಂಗ್ಲೆಂಡ್ ಪರ 23 ಪಂದ್ಯ, 28 ಗೋಲು. ಲೀಗಿನಲ್ಲಿ ಒಟ್ಟು 352 ಗೋಲು. ಡರ್ಬಿ ಕೌಂಟಿ ಕ್ಲಬ್ಬಿಗೆ ಎಲ್ಲ ಪಂದ್ಯ ಸೇರಿ 332, ಆ ದಾಖಲೆಯನ್ನು ಇವತ್ತಿಗೂ ಅಲ್ಲಿ ಯಾರೂ ಮುಟ್ಟಿಲ್ಲ. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಐದು ಸೀಸನ್ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯ ತುದಿಯಲ್ಲಿ ಇವನೇ. ಇಂಗ್ಲೆಂಡ್ ಪರ ಆಡಿದ ಮೊದಲ ಹತ್ತು ಪಂದ್ಯಗಳಲ್ಲಿ ಒಂದರಲ್ಲೂ ಗೋಲಿಲ್ಲದೆ ಮನೆಗೆ ಹೋಗಲಿಲ್ಲ. 1896ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಮೇಲೆ ಒಂದೇ ಪಂದ್ಯದಲ್ಲಿ ಐದು.

ಹುಟ್ಟಿದ್ದು 1874ರ ಜನವರಿ 20, ಕ್ರೇಡ್ಲಿ ಅನ್ನುವ ಊರಲ್ಲಿ. ಸರಪಳಿ, ಮೊಳೆ ಮಾಡುವ ಊರು ಅದು, ಮನೆ ಮನೆಯಲ್ಲೂ ಕುಲುಮೆ. ಇವನು ಚಿಕ್ಕವನಿದ್ದಾಗಲೇ ಮನೆಯವರು ಕೆಲಸ ಹುಡುಕಿಕೊಂಡು ಡರ್ಬಿಗೆ ಬಂದರು. ಹುಡುಗ ಶಾಲೆ ಬಿಟ್ಟಮೇಲೆ ಸುತ್ತಿಗೆ ಹಿಡಿದ. ಲೀ ಅನ್ನುವವರ ಎರಕದ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಮತ್ತು ಶನಿವಾರ ಚೆಂಡು. 1892ರಲ್ಲಿ ಡರ್ಬಿ ಕೌಂಟಿಯವರು ಸೇರಿಸಿಕೊಂಡಾಗ ಕೊಟ್ಟಿದ್ದು ವಾರಕ್ಕೆ 7 ಶಿಲಿಂಗ್ 6 ಪೆನ್ಸ್. 20 ಶಿಲಿಂಗಿಗೆ ಒಂದು ಪೌಂಡ್, ಲೆಕ್ಕ ಹಾಕಿಕೊಳ್ಳಿ. ಕುಲುಮೆ ಕೆಲಸ ಬಿಡುವ ಹಾಗೇ ಇರಲಿಲ್ಲ.

ಆಟ ಹೇಗಿತ್ತು ಅಂದರೆ, ಜಾಗ ಇನ್‌ಸೈಡ್ ರೈಟ್, ಅಂದರೆ ಮುಂದಿನ ಸಾಲಿನಲ್ಲಿ ನಡುವಿನವನ ಬಲಕ್ಕೆ. ಎತ್ತರದ ಆಳೇನಲ್ಲ. ಮುಖ ಬಿಳಿಚಿಕೊಂಡಿರುತ್ತಿತ್ತು, ನೋಡಿದರೆ ಜ್ವರದಿಂದ ಎದ್ದು ಬಂದವನ ಹಾಗೆ. ಆ ಕಾಲದಲ್ಲಿ ಚೆಂಡು ಬಂದರೆ ಮೊದಲು ಕಾಲಲ್ಲಿ ನಿಲ್ಲಿಸಿ, ನಾಲ್ಕು ಜನರನ್ನು ದಾಟಿಸಿ, ಚೆಂದ ಮಾಡಿ ಹೊಡೆಯುವುದೇ ದೊಡ್ಡಸ್ತಿಕೆ. ಇವನು ನಿಲ್ಲಿಸುತ್ತಲೇ ಇರಲಿಲ್ಲ. ಬಂದ ಚೆಂಡನ್ನು ಬಂದ ಹಾಗೇ, ಎಡಗಾಲಾದರೂ ಸರಿ, ಬಲಗಾಲಾದರೂ ಸರಿ, ನೆಲಕ್ಕೆ ಅಂಟಿಕೊಂಡು ಹೋಗುವ ಹಾಗೆ ಒದ್ದುಬಿಡುತ್ತಿದ್ದ. ಗೋಲ್‌ಕೀಪರ್ ಬಗ್ಗುವ ಹೊತ್ತಿಗೆ ಚೆಂಡು ಒಳಗೆ. ಜಾನ್ ಗುಡಾಲ್ ಅನ್ನುವ ಹಿರಿಯ ಆಟಗಾರ ತಂಡದಲ್ಲಿದ್ದ, ಪ್ರೆಸ್ಟನ್‌ನ ಒಂದೂ ಸೋಲದ ತಂಡದಿಂದ ಬಂದವನು. ಹುಡುಗನನ್ನು ತಿದ್ದಿದ್ದು ಅವನೇ.

ನನಗೆ ಇವನ ವಿಷಯದಲ್ಲಿ ಗೋಲಿಗಿಂತ ಜಾಸ್ತಿ ಕಾಡಿದ್ದು ಆಮೇಲಿನ ಕಥೆ. 1914ರ ಜನವರಿಯಲ್ಲಿ 40 ತುಂಬಿದಾಗ ಆಟ ಮುಗಿಯಿತು. ಆರು ತಿಂಗಳಲ್ಲಿ ಬರ್ಲಿನ್‌ನ ಬ್ರಿಟಾನಿಯಾ ಅನ್ನುವ ಕ್ಲಬ್ಬಿಗೆ ಕೋಚ್ ಆಗಿ ಹೊರಟ. ಜುಲೈನಲ್ಲಿ ಹೋದ. ಆಗಸ್ಟ್ 4ಕ್ಕೆ ಬ್ರಿಟನ್ ಜರ್ಮನಿ ಮೇಲೆ ಯುದ್ಧ ಸಾರಿತು. ನವೆಂಬರಿಗೆ ಒಳಗೆ ಹಾಕಿದರು. ಹೊರಬಂದಿದ್ದು 1918ರಲ್ಲಿ.

ನನ್ನ ಪ್ರಶ್ನೆ ಇಷ್ಟೇ. ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಗೋಲು ಹೊಡೆದ ಮನುಷ್ಯ. ಇಪ್ಪತ್ತು ವರ್ಷಕ್ಕೂ ಮೇಲೆ ಮೈದಾನ ತುಂಬಿಸಿದವನು. ಅವನಿಗೆ ಅವನ ದೇಶದಲ್ಲೇ ಒಂದು ಒಳ್ಳೆ ಕೆಲಸ ಸಿಗಲಿಲ್ಲವಾ? ಗೇಟಿನಲ್ಲಿ ಬಂದ ದುಡ್ಡೆಲ್ಲ ಎಲ್ಲಿಗೆ ಹೋಯಿತು?

ಲೆಕ್ಕದ_ಮೇಷ್ಟ್ರು:

ಅಂಕಿ ಅಂಶ ಚೆನ್ನಾಗಿದೆ, ಆದರೆ ಸ್ವಲ್ಪ ಉಪ್ಪು ಹಾಕಿಕೊಂಡು ತಿನ್ನಬೇಕು. ಆ 23 ಪಂದ್ಯಗಳೂ ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್ ಮೇಲೆ ಮಾತ್ರ. ಇಂಗ್ಲೆಂಡ್ ಯುರೋಪಿನ ತಂಡಗಳ ಮೇಲೆ ಅಧಿಕೃತವಾಗಿ ಆಡಲು ಶುರು ಮಾಡಿದ್ದೇ 1908ರಲ್ಲಿ, ಇವನ ಕೊನೆಯ ಪಂದ್ಯ 1907. ವೇಲ್ಸ್ ಮೇಲೆ 9-1, ಐರ್ಲೆಂಡ್ ಮೇಲೆ 9-0 ಗೆಲ್ಲುತ್ತಿದ್ದ ಕಾಲದಲ್ಲಿ ಐದು ಗೋಲು ಅಂಥ ದೊಡ್ಡ ಮಾತಲ್ಲ.

ಹಳೇ_ಲೆದರ್‌ಬಾಲ್:

ಮೇಷ್ಟ್ರೇ, ಒಪ್ಪಿದೆ ಅರ್ಧ. ಸ್ಕಾಟ್ಲೆಂಡ್ ಆಗ ಸುಮ್ನೆ ತಂಡ ಅಲ್ಲ, ಅವರ ಮೇಲೂ ಹೊಡೆದಿದ್ದಾನೆ. ಕೊನೆಯ ಪಂದ್ಯವೂ ಅವರ ಮೇಲೆಯೇ, ನ್ಯೂಕ್ಯಾಸಲ್‌ನಲ್ಲಿ 1-1. ಇಂಗ್ಲೆಂಡಿನ ಆ ಒಂದು ಗೋಲು 33 ವರ್ಷದ ಬ್ಲೂಮರ್‌ದು.

ಇನ್ನೊಂದು, ಆಗಿನ ನಿಯಮ ನೋಡಿ. 1925ರವರೆಗೆ ಆಫ್‌ಸೈಡ್‌ಗೆ ಮೂವರು ಎದುರಾಳಿಗಳ ಲೆಕ್ಕ. ಪಾಸ್ ಬರುವಾಗ ನಿಮಗೂ ಗೋಲಿಗೂ ನಡುವೆ ಮೂರು ಜನ ಇರಬೇಕು, ಇಲ್ಲದಿದ್ದರೆ ಆಫ್‌ಸೈಡ್. ಒಬ್ಬ ಬ್ಯಾಕ್ (ಹಿಂದೆ ನಿಂತು ಗೋಲು ಕಾಯುವ ಆಟಗಾರ) ಚೂರು ಮುಂದೆ ಬಂದು ನಿಂತರೆ ಸಾಕು, ಫಾರ್ವರ್ಡ್‌ಗಳ ಕಥೆ ಮುಗೀತು. ಮೂರನ್ನು ಎರಡು ಮಾಡಿದ ಮೇಲೆ ಗೋಲುಗಳು ಸುರಿದವು, ಡಿಕ್ಸಿ ಡೀನ್ ಒಂದೇ ಸೀಸನ್ನಿನಲ್ಲಿ 60 ಹೊಡೆದ. ಬ್ಲೂಮರ್‌ನ 352ನ್ನು ಮುರಿದವನೂ ಅವನೇ. ಆದರೆ ಡೀನ್‌ಗೆ ಸಿಕ್ಕ ನಿಯಮ ಬ್ಲೂಮರ್‌ಗೆ ಸಿಗಲಿಲ್ಲ.

ಮೇಲಾಗಿ ಮಳೆಯಲ್ಲಿ ನೆನೆದ ಚರ್ಮದ ಚೆಂಡು, ಲೇಸ್ ಕಟ್ಟಿರುವ ಕಡೆ ತಲೆಗೆ ತಗುಲಿದರೆ ಚರ್ಮ ಕಿತ್ತು ಬರುತ್ತದೆ. ಗಾಯವಾದರೆ ಬದಲಿ ಆಟಗಾರ ಇಲ್ಲ, ಕುಂಟಿಕೊಂಡೇ ಆಡಬೇಕು. ಅದರಲ್ಲಿ 40 ವರ್ಷದವರೆಗೆ ಆಡಿದ್ದಾನೆ.

ಬೆಂಚ್‌ನಲ್ಲೇ_ಕೂತವನು:

ಟ್ರೋಫಿ ಎಷ್ಟು ಗೆದ್ದ? ಅದನ್ನು ಹೇಳಿ ಮೊದಲು.

ಹಳೇ_ಲೆದರ್‌ಬಾಲ್:

ಅಲ್ಲಿಗೇ ಕೈ ಹಾಕಿದಿರಿ. ದೊಡ್ಡದು ಒಂದೂ ಇಲ್ಲ. 1896ರಲ್ಲಿ ಲೀಗಿನಲ್ಲಿ ಎರಡನೇ ಸ್ಥಾನ, ಆಸ್ಟನ್ ವಿಲ್ಲಾ ಮೊದಲನೆಯದು. 1898ರ ಎಫ್.ಎ. ಕಪ್ (ಇಂಗ್ಲೆಂಡಿನ ನಾಕ್‌ಔಟ್ ಟೂರ್ನಿ) ಫೈನಲ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಸೋತರು, 3-1. ಆ ಒಂದು ಗೋಲು ಯಾರದು ಅಂತ ಹೇಳಬೇಕಾಗಿಲ್ಲ. ಮರುವರ್ಷ ಮತ್ತೆ ಫೈನಲ್, ಶೆಫೀಲ್ಡ್ ಯುನೈಟೆಡ್‌ಗೆ 4-1. 1903ರಲ್ಲಿ ಮೂರನೇ ಸಲ. ಬ್ಲೂಮರ್‌ಗೆ ಗಾಯ, ಆಡಲಿಲ್ಲ. ಬರಿ (Bury) ಅನ್ನುವ ಊರಿನ ತಂಡದವರು 6-0 ಹೊಡೆದರು.

ಡರ್ಬಿಯವರು ಇದಕ್ಕೊಂದು ಶಾಪದ ಕಥೆ ಕಟ್ಟಿಕೊಂಡರು. ಮೈದಾನದ ಜಾಗದಲ್ಲಿ ಮೊದಲು ಜಿಪ್ಸಿಗಳು ಡೇರೆ ಹಾಕಿಕೊಂಡಿದ್ದರಂತೆ, ಎಬ್ಬಿಸಿದ್ದಕ್ಕೆ ಶಾಪ ಹಾಕಿ ಹೋದರಂತೆ. 1946ರಲ್ಲಿ ಕಪ್ ಗೆಲ್ಲುವವರೆಗೂ ಜನ ಅದನ್ನು ನಂಬಿದ್ದರು. ಅಷ್ಟೊತ್ತಿಗೆ ಬ್ಲೂಮರ್ ತೀರಿಕೊಂಡು ಎಂಟು ವರ್ಷ.

ಅಂದ ಹಾಗೆ ಆ ಮೈದಾನದ ಹೆಸರು ಬೇಸ್‌ಬಾಲ್ ಗ್ರೌಂಡ್. ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಆ ಹೆಸರು ಯಾಕೆ ಅಂದರೆ, ಬ್ಲೂಮರ್ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಧಣಿ ಫ್ರಾನ್ಸಿಸ್ ಲೀ ಅಮೆರಿಕಕ್ಕೆ ಹೋಗಿ ಬೇಸ್‌ಬಾಲ್ ನೋಡಿ ಮರುಳಾಗಿ ಬಂದು ಕಾರ್ಮಿಕರಿಗೆ ಅಂತ ಕಟ್ಟಿಸಿದ ಮೈದಾನ ಅದು. ಬ್ಲೂಮರ್ ಅದನ್ನೂ ಬಿಡಲಿಲ್ಲ. ಡರ್ಬಿಯ ಬೇಸ್‌ಬಾಲ್ ತಂಡದಲ್ಲಿ ಸೆಕೆಂಡ್ ಬೇಸ್‌ನಲ್ಲಿ ನಿಂತು ದೇಶದ ಚಾಂಪಿಯನ್ ಆದ. ಟ್ರೋಫಿ ಬೇಕು ಅಂದ್ರಲ್ಲ, ತಗೊಳ್ಳಿ.

ಧಾರವಾಡದಕ್ಕ:

ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಎಲ್ಲರೂ ಗೋಲು ಎಣಿಸಿಕೊಂಡು ಕೂತಿದ್ದೀರಿ.

ಉತ್ತರ ಸರಳ ಇದೆ. 1901ರಿಂದ ಇಂಗ್ಲೆಂಡಿನಲ್ಲಿ ಆಟಗಾರನ ಸಂಬಳಕ್ಕೆ ಮಿತಿ ಹಾಕಿದರು. ವಾರಕ್ಕೆ 4 ಪೌಂಡ್, ಅದಕ್ಕಿಂತ ಒಂದು ಪೆನ್ನಿ ಜಾಸ್ತಿ ಕೊಡುವ ಹಾಗಿಲ್ಲ. ನೀವು ಬ್ಲೂಮರ್ ಆಗಿರಿ, ಬೆಂಚಿನ ಮೇಲಿನ ಹುಡುಗ ಆಗಿರಿ, ಮೇಲಿನ ಗೆರೆ ಒಂದೇ. ಗೆದ್ದರೆ ಬೋನಸ್ ಅನ್ನುವುದನ್ನೂ ನಿಲ್ಲಿಸಿದರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಸೀಸನ್ ಮುಗಿದ ಮೇಲೆ ಕರಾರು ಮುಗಿದರೂ ಆಟಗಾರ ಸ್ವತಂತ್ರ ಅಲ್ಲ. ಅವನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತದೆ. ಅವರು ಬಿಟ್ಟರೆ ಉಂಟು, ಬಿಡದಿದ್ದರೆ ಲೀಗಿನಲ್ಲಿ ಬೇರೆಲ್ಲೂ ಆಡುವ ಹಾಗಿಲ್ಲ. ಮಾರಬೇಕು ಅನ್ನಿಸಿದರೆ ಮಾರುತ್ತಾರೆ. 1906ರ ಮಾರ್ಚ್‌ನಲ್ಲಿ ಡರ್ಬಿಯವರು ಬ್ಲೂಮರ್‌ನನ್ನು ಮಿಡಲ್ಸ್‌ಬರೋಗೆ 750 ಪೌಂಡಿಗೆ ಕೊಟ್ಟರು. ಆ 750ರಲ್ಲಿ ಆಟಗಾರನ ಪಾಲು ಏನು? ಸೇರುವಾಗ ಕೊಡಬಹುದಾದ ಹಣವೇ 10 ಪೌಂಡ್, ಅದೂ ಮಿತಿ. ಮಿಡಲ್ಸ್‌ಬರೋದವರು ಅದಕ್ಕೆ ಹಿಂದಿನ ವರ್ಷವೇ ಆಲ್ಫ್ ಕಾಮನ್‌ಗೆ ಸಾವಿರ ಪೌಂಡ್ ಕೊಟ್ಟು ದೇಶವನ್ನೇ ಬೆಚ್ಚಿಬೀಳಿಸಿದ್ದರು. ಸಾವಿರ ಪೌಂಡ್ ಕೈ ಬದಲಾಯಿತು, ಓಡಾಡಿ ಬೆವರು ಸುರಿಸುವವನಿಗೆ ಅದೇ ವಾರಕ್ಕೆ ನಾಲ್ಕು.

ಈಗ ಹೇಳಿ, ಗೇಟಿನ ದುಡ್ಡು ಎಲ್ಲಿಗೆ ಹೋಯಿತು ಅಂತ ಇನ್ನೂ ಕೇಳಬೇಕಾ?

ಬೆಂಚ್‌ನಲ್ಲೇ_ಕೂತವನು:

ಅಕ್ಕ, ಆದರೆ ಆಗಿನ ನಾಲ್ಕು ಪೌಂಡ್ ಕಡಿಮೆ ಏನಲ್ಲ ಅಲ್ವಾ? ಅವನ ಜೊತೆ ಸುತ್ತಿಗೆ ಹಿಡಿದವರು ಅದರ ಅರ್ಧವೂ ನೋಡಿರಲಿಕ್ಕಿಲ್ಲ. ಬೂಟಿನ ಜಾಹೀರಾತು ಬೇರೆ, ಅವನ ಹೆಸರು ಹಾಕಿದ ಫುಟ್‌ಬಾಲ್ ಬೂಟು ಅಂಗಡಿಯಲ್ಲಿ ಮಾರುತ್ತಿದ್ದರು. ಸುಮ್ನೆ ಎಲ್ಲ ಕಡೆ ಶೋಷಣೆ ಹುಡುಕಬೇಡಿ.

ಧಾರವಾಡದಕ್ಕ:

ಕುಲುಮೆಯವನಿಗಿಂತ ಜಾಸ್ತಿ, ಹೌದು. ಯಾರು ಇಲ್ಲ ಅಂದರು? ಆದರೆ ಕುಲುಮೆಯವನು 40ಕ್ಕೆ ಮನೆಗೆ ಹೋಗುವುದಿಲ್ಲ. ಕುಲುಮೆಯವನನ್ನು ನೋಡಲು ಟಿಕೆಟ್ ತಗೊಂಡು ಸಾವಿರಾರು ಜನ ಬರುವುದಿಲ್ಲ. ಮುಖ್ಯ ವಿಷಯ, ಈ ಕುಲುಮೆ ಬಿಟ್ಟು ಆ ಕುಲುಮೆಗೆ ಹೋಗಲು ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಆ ಆಟಗಾರರೇ ಸುಮ್ಮನೆ ಕೂರಲಿಲ್ಲ. 1907ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಸೇರಿ ಸಂಘ ಕಟ್ಟಿದರು, ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮುಂದೆ ನಿಂತರು. 1909ರಲ್ಲಿ ಸಂಘ ಬಿಡಿ ಇಲ್ಲ ಆಟ ಬಿಡಿ ಅಂತ ಇಂಗ್ಲೆಂಡಿನ ಫುಟ್‌ಬಾಲ್ ನಡೆಸುವ ಎಫ್.ಎ.ದವರು ಹೆದರಿಸಿದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನವರು ಬಗ್ಗಲಿಲ್ಲ, ತಮಗೆ ತಾವೇ 'ಬಹಿಷ್ಕೃತರ ತಂಡ' ಅಂತ ಹೆಸರಿಟ್ಟುಕೊಂಡು ಫೋಟೋ ತೆಗೆಸಿಕೊಂಡರು. ಆದರೂ ಸಂಬಳದ ಮಿತಿ ಹೋಗಲು 1961ರವರೆಗೆ ಕಾಯಬೇಕಾಯಿತು. ಹೋದ ತಕ್ಷಣ ಫುಲಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್. ಅಂದರೆ ದುಡ್ಡು ಇತ್ತು, ಕೊಡುತ್ತಿರಲಿಲ್ಲ ಅಷ್ಟೇ.

ಲೆಕ್ಕದ_ಮೇಷ್ಟ್ರು:

ಅಕ್ಕನ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಬ್ಲೂಮರ್‌ನ 28 ಗೋಲಿನ ದಾಖಲೆ ಮುರಿದವನು ವಿವಿಯನ್ ವುಡ್‌ವರ್ಡ್, 29 ಗೋಲು, ಅವನದೂ 23 ಪಂದ್ಯ. ಅವನು ಅಮೆಚೂರ್. ಸಂಬಳ ತಗೊಳ್ಳುತ್ತಿರಲಿಲ್ಲ, ಯಾಕೆಂದರೆ ತಗೊಳ್ಳಬೇಕಾಗಿರಲಿಲ್ಲ. ವೃತ್ತಿಯಲ್ಲಿ ಆರ್ಕಿಟೆಕ್ಟ್. 1908 ಮತ್ತು 1912ರ ಒಲಿಂಪಿಕ್ ಚಿನ್ನದ ತಂಡಗಳ ನಾಯಕ. ಒಂದೇ ಲೆಕ್ಕದ ಇಬ್ಬರು ಆಟಗಾರರು. ಒಬ್ಬನಿಗೆ ಆಟ ಮುಗಿದ ಮೇಲೆ ನಕ್ಷೆ ಬರೆಯುವ ಮೇಜು ಇತ್ತು, ಇನ್ನೊಬ್ಬನಿಗೆ ಬರ್ಲಿನ್ ರೈಲು. ಗೋಲಿನ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ, ಆದರೆ ಇದಕ್ಕೆ ತಕರಾರಿಲ್ಲ.

ನೀಲಿ_ಜೆರ್ಸಿ:

ಆ ಜೈಲಿನ ಬಗ್ಗೆ ಹೇಳಿ ಗುರು. ಯುದ್ಧ ಕೈದಿನಾ? ಸೈನಿಕ ಅಲ್ವಲ್ಲ ಅವನು.

ಹಳೇ_ಲೆದರ್‌ಬಾಲ್:

ಸೈನಿಕ ಅಲ್ಲ, ನಾಗರಿಕ ಕೈದಿ. ಜಾಗದ ಹೆಸರು ರೂಲೆಬೆನ್, ಬರ್ಲಿನ್‌ನ ಪಶ್ಚಿಮಕ್ಕೆ. ಕುದುರೆ ರೇಸ್ ಕೋರ್ಸ್ ಅದು. ಇಂಗ್ಲೆಂಡಿನಲ್ಲಿ ಜರ್ಮನ್ನರನ್ನು ಹಿಡಿದು ಹಾಕುತ್ತಿದ್ದಾರೆ, ಅವರನ್ನು ಬಿಡದಿದ್ದರೆ ನಾವೂ ಹಾಗೇ ಮಾಡುತ್ತೇವೆ ಅಂತ ಜರ್ಮನಿ ಗಡುವು ಕೊಟ್ಟಿತ್ತು. 1914ರ ನವೆಂಬರಿನಲ್ಲಿ 17ರಿಂದ 55 ವಯಸ್ಸಿನ ಬ್ರಿಟಿಷ್ ಗಂಡಸರನ್ನೆಲ್ಲ ಅಲ್ಲಿಗೆ ತಂದು ತುಂಬಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಜನ.

ಇರಲು ಕುದುರೆ ಲಾಯ. ಒಂದು ಕುದುರೆ ಕಟ್ಟುವ ಗೂಡಿನಲ್ಲಿ ಆರು ಜನ. ಜಾಗ ಸಿಗದವರು ಮೇಲಿನ ಹುಲ್ಲಟ್ಟದಲ್ಲಿ, ನೆಟ್ಟಗೆ ನಿಂತರೆ ತಲೆ ಸೂರಿಗೆ ಬಡಿಯುವಂಥ ಕಡೆ, ಹುಲ್ಲಿನ ಮೇಲೆ ಮಲಗಬೇಕಿತ್ತು. ಮೊದಲ ಚಳಿಗಾಲ ಕೆಟ್ಟದ್ದು. ಕೆಸರು, ಸಾಕಾಗದಷ್ಟು ಕಂಬಳಿ, ನೀರಿನ ನಲ್ಲಿಗೆ ಕ್ಯೂ.

ಸಿಕ್ಕಿಬಿದ್ದವರಲ್ಲಿ ಎಲ್ಲ ಥರದವರೂ ಇದ್ದರು. ಹಡಗಿನವರು, ವ್ಯಾಪಾರಿಗಳು, ಜಾಕಿಗಳು, ಸಂಗೀತಗಾರರು, ವಿದ್ಯಾರ್ಥಿಗಳು. ಇವರ ಮಧ್ಯೆ ಫುಟ್‌ಬಾಲಿನವರ ಒಂದು ಗುಂಪೇ ಇತ್ತು, ಯಾಕೆಂದರೆ ಬ್ಲೂಮರ್ ಒಬ್ಬನೇ ಅಲ್ಲ, ಇಂಗ್ಲೆಂಡಿನಲ್ಲಿ ಆಟ ಮುಗಿಸಿದ ಎಷ್ಟೋ ಜನ ಕೋಚ್ ಕೆಲಸಕ್ಕೆ ಜರ್ಮನಿಗೆ ಹೋಗಿದ್ದರು. ಫ್ರೆಡ್ ಪೆಂಟ್‌ಲೆಂಡ್ ಮತ್ತು ಸ್ಯಾಮ್ ವೋಲ್‌ಸ್ಟನ್‌ಹೋಮ್, ಇಬ್ಬರೂ ಇಂಗ್ಲೆಂಡ್ ಪರ ಆಡಿದವರು. ಎವರ್ಟನ್‌ನ ಜಾನ್ ಬ್ರಿಯರ್ಲಿ. ಸ್ಕಾಟ್ಲೆಂಡಿನ ಜಾನ್ ಕ್ಯಾಮರನ್, 1901ರಲ್ಲಿ ಲೀಗಿನಲ್ಲೇ ಇಲ್ಲದ ಟಾಟನ್‌ಹ್ಯಾಮ್‌ಗೆ ಕಪ್ ಗೆಲ್ಲಿಸಿಕೊಟ್ಟ ಆಟಗಾರ-ಮ್ಯಾನೇಜರ್ ಅವನೇ. ಇಷ್ಟು ಜನರನ್ನು ಒಂದೇ ಬೇಲಿಯೊಳಗೆ ಹಾಕಿದರೆ ಇನ್ನೇನಾಗುತ್ತದೆ ಹೇಳಿ. ರೂಲೆಬೆನ್ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು! ಲಾಯಕ್ಕೊಂದು ತಂಡ, ಲೀಗ್, ಕಪ್, ಎಲ್ಲ. ಮೊದಲು ಅಂಗಳದಲ್ಲೇ ಒದೆಯುತ್ತಿದ್ದರು. 1915ರ ಮಾರ್ಚ್‌ನಲ್ಲಿ ರೇಸ್ ಟ್ರ್ಯಾಕಿನ ಒಳಗಿನ ಜಾಗ ಬಿಟ್ಟುಕೊಟ್ಟರು. ಮೇ ತಿಂಗಳಲ್ಲಿ 'ಇಂಗ್ಲೆಂಡ್' ಮತ್ತು 'ಉಳಿದ ಜಗತ್ತು' ಅಂತ ಎರಡು ತಂಡ ಮಾಡಿಕೊಂಡು ಆಡಿದರು. ಬ್ಲೂಮರ್, ಪೆಂಟ್‌ಲೆಂಡ್, ವೋಲ್‌ಸ್ಟನ್‌ಹೋಮ್, ಬ್ರಿಯರ್ಲಿ ಎಲ್ಲ ಇಂಗ್ಲೆಂಡ್ ಕಡೆ. ಎಂಟು ವರ್ಷದ ಹಿಂದೆ ದೇಶದ ಜೆರ್ಸಿ ಬಿಚ್ಚಿಟ್ಟವನು ಕಾವಲುಗಾರರ ಮುಂದೆ ಮತ್ತೆ ಇಂಗ್ಲೆಂಡಿಗೆ ಆಡಿದ. ಬೇಸಿಗೆಯಲ್ಲಿ ಕ್ರಿಕೆಟ್, ಅದರಲ್ಲೂ ಇವನು ಮುಂದೆ.

ಇನ್ನೊಂದು ಹೇಳಲೇಬೇಕು. ಕರಿಯ ನಾವಿಕರನ್ನು ಒಂದು ಪ್ರತ್ಯೇಕ ಬ್ಯಾರಕ್ಕಿಗೆ, ಯಹೂದಿಗಳನ್ನು ಇನ್ನೊಂದಕ್ಕೆ ಹಾಕಿದ್ದರು. ರೂಲೆಬೆನ್ ಬಗ್ಗೆ ಬರೆಯುವವರು ಕೈದಿಗಳೆಲ್ಲ ಒಂದಾಗಿ ಬಾಳಿದರು ಅಂತ ಬರೆಯುತ್ತಾರೆ, ಅಷ್ಟೇನೂ ಒಂದಾಗಿರಲಿಲ್ಲ.

ಕುಡ್ಲದ_ಜನ:

ಎಂಥ ಮಾರಾಯ್ರೆ, ಇದೇ ಕಥೆ ನಮ್ಮೂರಲ್ಲಿ ಉಲ್ಟಾ ನಡೆದಿದೆ. ಬಾಸೆಲ್ ಮಿಷನ್ ಗೊತ್ತಲ್ಲ, ಮಂಗಳೂರು ಹೆಂಚು, ಜೆಪ್ಪುವಿನ ಕಾರ್ಖಾನೆ, ನೇಯ್ಗೆ, ಪ್ರೆಸ್ಸು. ಮಿಷನ್ ಸ್ವಿಟ್ಜರ್‌ಲೆಂಡಿನದ್ದಾದರೂ ಇಲ್ಲಿದ್ದವರಲ್ಲಿ ತುಂಬಾ ಜನ ಜರ್ಮನ್ನರು. 1914ರಲ್ಲಿ ಬ್ರಿಟನ್ ಯುದ್ಧ ಸಾರಿದ ಮೇಲೆ ಅವರು ರಾತ್ರೋರಾತ್ರಿ ವೈರಿಗಳು. ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ಸಾಗಿಸಿದರು. ಆಮೇಲೆ 'ಗೋಲ್ಕೊಂಡ' ಅನ್ನುವ ಹಡಗಿನಲ್ಲಿ ತುಂಬಿ ಯುರೋಪಿಗೆ ಕಳಿಸಿದರು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಪಾಲಾದವು.

ಅಂದರೆ ಬ್ಲೂಮರ್ ಅಲ್ಲಿ ಲಾಯದಲ್ಲಿ ಮಲಗಿದ್ದಾಗ ನಮ್ಮೂರಲ್ಲಿ ಹೆಂಚು ಮಾಡಿಸುತ್ತಿದ್ದವರು ಅಹಮದ್‌ನಗರದಲ್ಲಿ. ಇಬ್ಬರೂ ಬಂದೂಕು ಹಿಡಿದವರಲ್ಲ. ನಮ್ಮ ಕಡೆ ಹಳಬರಿಗೆ ಮಿಷನ್ನಿನವರು ಹೋದದ್ದು ಗೊತ್ತು, ಎಲ್ಲಿಗೆ ಹೋದರು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ.

ಧಾರವಾಡದಕ್ಕ:

ನಮ್ಮ ಧಾರವಾಡದಲ್ಲೂ ಬಾಸೆಲ್ ಮಿಷನ್ ಶಾಲೆ ಇದೆ. ಇದನ್ನು ಬರೆದದ್ದು ಒಳ್ಳೇದಾಯಿತು ನೋಡ್ರಿ.

ಲೆಕ್ಕದ_ಮೇಷ್ಟ್ರು:

ರೂಲೆಬೆನ್ ಅಂದರೆ ನಮ್ಮಂಥ ವಿಜ್ಞಾನದ ಮೇಷ್ಟ್ರುಗಳಿಗೆ ನೆನಪಾಗುವುದು ಜೇಮ್ಸ್ ಚಾಡ್ವಿಕ್. 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದವರು. ಬರ್ಲಿನ್‌ನಲ್ಲಿ ಗೈಗರ್ ಹತ್ತಿರ ಸಂಶೋಧನೆಗೆ ಹೋಗಿ ಅವರೂ ಸಿಕ್ಕಿಬಿದ್ದರು. ಅದೇ ಲಾಯಗಳಲ್ಲಿ ಪುಟ್ಟ ಪ್ರಯೋಗಾಲಯ ಮಾಡಿಕೊಂಡರು. ವಿಕಿರಣದ ಮೂಲ ಬೇಕಲ್ಲ, ಆಗ ಜರ್ಮನಿಯಲ್ಲಿ ಥೋರಿಯಂ ಹಾಕಿದ ಟೂತ್‌ಪೇಸ್ಟ್ ಮಾರುತ್ತಿದ್ದರು, ಹಲ್ಲು ಹೊಳೆಯುತ್ತದೆ ಅಂತ. ಅದನ್ನೇ ತರಿಸಿಕೊಂಡು ಪ್ರಯೋಗ ಮಾಡಿದರು. ಮುಂದೆ ನೊಬೆಲ್ ಪಡೆಯುವ ಮನುಷ್ಯ ಬಿಡುವಾದಾಗ ಬ್ಲೂಮರ್ ಆಟ ನೋಡಿರಬಹುದಾದ ಜಾಗ ಅದು.

ನೀಲಿ_ಜೆರ್ಸಿ:

ಟೂತ್‌ಪೇಸ್ಟ್ ಕಥೆ ನಂಬೋಕೇ ಆಗ್ತಿಲ್ಲ 😂 ಸರಿ, ಬಿಟ್ಟ ಮೇಲೆ ಏನು ಮಾಡಿದ ಬ್ಲೂಮರ್? ಡರ್ಬಿಗೆ ಹೋದನಾ?

ಹಳೇ_ಲೆದರ್‌ಬಾಲ್:

ನೇರ ಇಲ್ಲ. 1918ರ ಮಾರ್ಚ್‌ನಲ್ಲಿ ಬಿಟ್ಟರು, ಆದರೆ ತಟಸ್ಥ ದೇಶವಾಗಿದ್ದ ಹಾಲೆಂಡಿಗೆ. ಯುದ್ಧ ಮುಗಿಯುವವರೆಗೆ ಅಲ್ಲೇ ಇರಬೇಕು. ಆಮ್‌ಸ್ಟರ್‌ಡ್ಯಾಮ್‌ನ ಬ್ಲೌ-ವಿಟ್ ಕ್ಲಬ್ಬಿಗೆ ಕೋಚ್ ಆದ. ಆಮೇಲೆ ಊರಿಗೆ ಬಂದು ಡರ್ಬಿಯ ಕಿರಿಯರನ್ನು ನೋಡಿಕೊಂಡ. ಕೆನಡಾಕ್ಕೂ ಹೋಗಿ ಬಂದ.

ಆಮೇಲೆ ಸ್ಪೇನ್. 1923ರಲ್ಲಿ ಇರೂನ್ ಅನ್ನುವ ಊರಿನ ರಿಯಲ್ ಯೂನಿಯನ್ ಕ್ಲಬ್ಬಿಗೆ. ಫ್ರಾನ್ಸಿನ ಗಡಿಯ ಪುಟ್ಟ ಬಾಸ್ಕ್ ಊರು. 1924ರ ಸ್ಪೇನ್ ಕಪ್‌ನಲ್ಲಿ ಈ ಪುಟ್ಟ ಊರಿನ ತಂಡ ಬಾರ್ಸಿಲೋನಾವನ್ನು ಸೆಮಿಫೈನಲ್‌ನಲ್ಲಿ ಕಳಿಸಿ, ಸಾನ್ ಸೆಬಾಸ್ಟಿಯನ್‌ನಲ್ಲಿ ನಡೆದ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ 1-0 ಗೆದ್ದಿತು. ಬೆಂಚ್‌ನಲ್ಲೇ ಕೂತ ಅಣ್ಣನವರೇ, ಟ್ರೋಫಿ ಕೇಳಿದ್ರಲ್ಲ. ಆಡಿ ಸಿಗದ ಕಪ್ಪು ಹೇಳಿಕೊಟ್ಟು ಸಿಕ್ಕಿತು, ಅದೂ 50ನೇ ವಯಸ್ಸಿನಲ್ಲಿ, ಬೇರೆಯವರ ದೇಶದಲ್ಲಿ.

ಜೊತೆ ಕೈದಿ ಪೆಂಟ್‌ಲೆಂಡ್ ಇನ್ನೂ ಮುಂದೆ ಹೋದ. ಬಿಲ್ಬಾವ್‌ನ ಅಥ್ಲೆಟಿಕ್ ಕ್ಲಬ್ಬಿಗೆ 1930, 1931 ಎರಡು ಸಲ ಲೀಗ್ ಗೆಲ್ಲಿಸಿದ. 1931ರಲ್ಲಿ ಅವನ ತಂಡ ಬಾರ್ಸಿಲೋನಾಗೆ 12-1 ಹೊಡೆಯಿತು. ಯಾವಾಗಲೂ ಬೌಲರ್ ಹ್ಯಾಟು ಹಾಕುತ್ತಿದ್ದ, ದೊಡ್ಡ ಪಂದ್ಯ ಗೆದ್ದಾಗ ಹುಡುಗರು ಅದನ್ನು ಕಿತ್ತುಕೊಂಡು ಕುಣಿದು ತುಳಿದು ಚಪ್ಪಟೆ ಮಾಡುತ್ತಿದ್ದರು.

ಬೆಂಚ್‌ನಲ್ಲೇ_ಕೂತವನು:

ಸರಿ ಸರಿ, ಕಪ್ಪು ಒಪ್ಪಿಕೊಂಡೆ. ಆದರೆ ನೋಡಿ, ಇದೇ ನನ್ನ ವಾದಕ್ಕೆ ಪುಷ್ಟಿ. ಇಂಗ್ಲೆಂಡಿನಲ್ಲಿ ಕೆಲಸ ಸಿಗದೆ ಹೋದದ್ದಲ್ಲ, ಹೊರಗೆ ಒಳ್ಳೆ ಅವಕಾಶ ಇತ್ತು ಅಂತ ಹೋದದ್ದು. ನಮ್ಮವರು ದುಬೈಗೆ ಹೋದ ಹಾಗೆ.

ಧಾರವಾಡದಕ್ಕ:

ತಮ್ಮಾ, ದುಬೈಗೆ ಹೋಗುವವರೂ ಊರಲ್ಲಿ ಅದೇ ಸಂಬಳ ಸಿಕ್ಕರೆ ಹೋಗುವುದಿಲ್ಲ.

ಇಂಗ್ಲೆಂಡಿನ ಕ್ಲಬ್ಬುಗಳಿಗೆ ಕೋಚ್ ಬೇಕು ಅನ್ನಿಸಿರಲೇ ಇಲ್ಲ, ಅದು ಮುಖ್ಯ ಕಾರಣ. ಆಟ ಹುಟ್ಟಿನಿಂದ ಬರಬೇಕು, ಕಲಿಸುವುದೇನು ಅಂತ ಅವರ ಲೆಕ್ಕ. ವಾರವೆಲ್ಲ ಮೈದಾನದ ಸುತ್ತ ಓಡಿಸುವುದೇ ತರಬೇತಿ. ತಂಡ ಆರಿಸುವುದು ನಿರ್ದೇಶಕರು, ಅಂದರೆ ಊರಿನ ವ್ಯಾಪಾರಿಗಳು. ಜಿಮ್ಮಿ ಹೋಗನ್ ಅನ್ನುವವನದ್ದು ನೋಡಿ. ಅವನೂ ಯುದ್ಧದಲ್ಲಿ ವಿಯೆನ್ನಾದಲ್ಲಿ ಸಿಕ್ಕಿಬಿದ್ದು, ಬುಡಾಪೆಸ್ಟಿಗೆ ಹೋಗಿ ಎಂ.ಟಿ.ಕೆ. ಅನ್ನುವ ಕ್ಲಬ್ಬಿನ ಹುಡುಗರಿಗೆ ಪಾಸ್ ಕಲಿಸಿದ. ಯುದ್ಧ ಮುಗಿದು ಲಂಡನ್ನಿನ ಎಫ್.ಎ. ಕಚೇರಿಗೆ ಸಹಾಯ ಕೇಳಲು ಹೋದರೆ ಮೂರು ಜೊತೆ ಖಾಕಿ ಕಾಲುಚೀಲ ಕೊಟ್ಟು ಕಳಿಸಿದರು ಅಂತ ಅವನೇ ಹೇಳಿಕೊಂಡಿದ್ದಾನೆ. 1953ರಲ್ಲಿ ಹಂಗೇರಿ ವೆಂಬ್ಲಿಗೆ ಬಂದು ಇಂಗ್ಲೆಂಡಿಗೆ 6-3 ಬಾರಿಸಿದಾಗ ಹಂಗೇರಿಯವರು ಇದೆಲ್ಲ ಹೋಗನ್ ಕಲಿಸಿದ್ದು ಅಂದರು.

ಬ್ಲೂಮರ್, ಪೆಂಟ್‌ಲೆಂಡ್, ಹೋಗನ್. ಕಲಿಸಲು ಬರುವವರನ್ನೆಲ್ಲ ಕಳಿಸಿಬಿಟ್ಟು ಆಮೇಲೆ ಸೋತಾಗ ಬೆಚ್ಚಿದರು.

ಹಳೇ_ಲೆದರ್‌ಬಾಲ್:

ಅಕ್ಕ ನನ್ನ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಕೊಟ್ಟರು. ನಾನು ದುಡ್ಡು ಒಂದನ್ನೇ ನೋಡುತ್ತಿದ್ದೆ.

ಒಂದೇ ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಬ್ಲೂಮರ್‌ನನ್ನು ಪೂರ್ತಿ ಪಾಪದವನು ಅಂತ ಮಾಡಬೇಡಿ. ಸುಲಭದ ಮನುಷ್ಯ ಅಲ್ಲ ಅವನು. ಮೈದಾನದಲ್ಲಿ ಬಾಯಿ ಜೋರು. ಪಾಸ್ ಸರಿಯಾಗಿ ಬರದಿದ್ದರೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ಜೊತೆಯವನನ್ನು ಎಲ್ಲರೆದುರು ಗದರುತ್ತಿದ್ದ. ಹಾಗಂತ ಡರ್ಬಿಯ ಜನಕ್ಕೆ ಅವನ ಮೇಲೆ ಪ್ರೀತಿ ಕಡಿಮೆಯಾಗಲಿಲ್ಲ. 1906ರಲ್ಲಿ ಮಾರಿದ್ದಕ್ಕೆ ಊರಿಗೆ ಊರೇ ಸಿಟ್ಟಾಗಿತ್ತು, ಮರುವರ್ಷವೇ ತಂಡ ಎರಡನೇ ಡಿವಿಷನ್‌ಗೆ ಬಿತ್ತು. 1910ರಲ್ಲಿ ವಾಪಸ್ ಕರೆದುಕೊಂಡರು. 36 ವರ್ಷದವನು ಬಂದು, 1912ರಲ್ಲಿ ತಂಡವನ್ನು ಎರಡನೇ ಡಿವಿಷನ್ ಗೆಲ್ಲಿಸಿ ಮತ್ತೆ ಮೇಲಕ್ಕೆ ಹತ್ತಿಸಿದ.

ಕೊನೆಯ ವರ್ಷಗಳಲ್ಲಿ ಬೇಸ್‌ಬಾಲ್ ಗ್ರೌಂಡಿನಲ್ಲೇ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ. ಆರೋಗ್ಯ ಕೆಟ್ಟಾಗ ಹಡಗು ಪ್ರಯಾಣಕ್ಕೆ ಕಳಿಸಿದರು, ಬಂದ ಸ್ವಲ್ಪ ದಿನಕ್ಕೆ, 1938ರ ಏಪ್ರಿಲ್ 16ರಂದು ತೀರಿಕೊಂಡ. 64 ವರ್ಷ. ಈಗ ಪ್ರೈಡ್ ಪಾರ್ಕ್ ಸ್ಟೇಡಿಯಂನಲ್ಲಿ, ಡರ್ಬಿ ತಂಡ ಕೂರುವ ಡಗ್‌ಔಟ್ ಪಕ್ಕದಲ್ಲೇ ಅವನ ಪ್ರತಿಮೆ ಇದೆ, 2009ರಲ್ಲಿ ಇಟ್ಟಿದ್ದು. ಪಂದ್ಯಕ್ಕೆ ಮುಂಚೆ ಅವನ ಹೆಸರಿನ ಹಾಡನ್ನೂ ಹಾಕುತ್ತಾರೆ.

ನೀಲಿ_ಜೆರ್ಸಿ:

ಡಗ್‌ಔಟ್ ಪಕ್ಕದಲ್ಲೇನಾ? ಪಾಸ್ ತಪ್ಪಿದರೆ ಈಗಲೂ ಗುರಾಯಿಸುತ್ತಿರಬೇಕು.

ಲೆಕ್ಕದ_ಮೇಷ್ಟ್ರು:

ಎಲ್ಲ ಕೇಳಿದೆ. ಮನುಷ್ಯನಾಗಿ ಗೌರವ ಜಾಸ್ತಿಯಾಯಿತು. ಆದರೆ ಆ ಕಾಲದ ಶ್ರೇಷ್ಠ ಆಟಗಾರ ಅಂದರೆ ನನ್ನ ಓಟು ಈಗಲೂ ಬಿಲ್ಲಿ ಮೆರೆಡಿತ್‌ಗೆ. ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡು ಆಡುತ್ತಿದ್ದ ಆಸಾಮಿ, 49 ದಾಟಿದ ಮೇಲೆ 1924ರ ಕಪ್ ಸೆಮಿಫೈನಲ್ ಆಡಿದ್ದಾನೆ. ಕಪ್ಪೂ ಗೆದ್ದಿದ್ದಾನೆ, ಲೀಗೂ ಗೆದ್ದಿದ್ದಾನೆ, ಸಂಘವನ್ನೂ ಕಟ್ಟಿದ್ದಾನೆ.

ಹಳೇ_ಲೆದರ್‌ಬಾಲ್:

ಲಂಚ ಕೊಡಲು ಹೋಗಿ 1905ರಲ್ಲಿ ಅಮಾನತು ಆದದ್ದನ್ನೂ ಪಟ್ಟಿಗೆ ಸೇರಿಸಿ ಮೇಷ್ಟ್ರೇ. ಮೆರೆಡಿತ್‌ಗೆ ಬೇರೆ ಥ್ರೆಡ್ ತೆಗೀರಿ, ಅಲ್ಲಿ ಬಂದು ಜಗಳ ಆಡುತ್ತೇನೆ.